ಸೂರ್ಯನೇ ಹುಟ್ಟದ ಊರಿನಲ್ಲಿ ರಾತ್ರಿ ಅಯಾನುಗೋಳಕ್ಕೆ ಏನಾಗುತ್ತದೆ?

ಶಿರಸಿಯ ಹುಡುಗ (ಡಿಸೆಂಬರ್ 9, ರಾತ್ರಿ 8:10)

ನಮಸ್ಕಾರ. ಮೀನಿನ ರೋಗಗಳ ಕುರಿತ ಸಂಶೋಧನೆಗೆಂದು ಆಗಸ್ಟ್‌ನಲ್ಲಿ ನಾರ್ವೆಯ ಟ್ರೋಮ್ಸೋಗೆ ಬಂದವನು ನಾನು. ಅಕ್ಷಾಂಶ 69.6 ಡಿಗ್ರಿ ಉತ್ತರ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ನಡುವಿನಲ್ಲಿ. ಭೌತಶಾಸ್ತ್ರ ನನ್ನ ಕಸುಬಲ್ಲ, ಆದರೆ ಕಾಲೇಜಿನ ದಿನಗಳಿಂದಲೂ ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಹುಚ್ಚು ಇದೆ. ಬಾಡಿಗೆ ಮನೆಯ ಹಿತ್ತಿಲಿನ ಮರಕ್ಕೆ ತಂತಿ ಕಟ್ಟಿಕೊಂಡು ಕೇಳುತ್ತ ಕೂರುತ್ತೇನೆ.

ಅಜ್ಜನ ರೇಡಿಯೋದಿಂದ ಕಲಿತ ಪಾಠ ಒಂದೇ. ಹಗಲಿನಲ್ಲಿ ಧಾರವಾಡ ಕೇಂದ್ರ ಬಿಟ್ಟು ಬೇರೇನೂ ಸರಿಯಾಗಿ ಸಿಗುತ್ತಿರಲಿಲ್ಲ; ಹೊತ್ತು ಮುಳುಗಿದ ಮೇಲೆ ಎಲ್ಲೆಲ್ಲಿನದೋ ಕೇಂದ್ರಗಳು ಅಂಗಳಕ್ಕೇ ಬಂದು ಮಾತನಾಡುತ್ತಿದ್ದವು. ಅಯಾನುಗೋಳ ಎಂದರೆ ಬಿಸಿಲಿಗೆ ಎಲೆಕ್ಟ್ರಾನ್‌ಗಳು ಬಿಡಿಯಾದ ಎತ್ತರದ ಗಾಳಿ; ಕತ್ತಲಾದರೆ ಅಲೆಗಳನ್ನು ನುಂಗುವ ಅದರ ಕೆಳಪದರ ಕರಗುತ್ತದೆ, ಮೇಲ್ಪದರ ಉಳಿಯುತ್ತದೆ, ಅಲೆಗಳು ಅದಕ್ಕೆ ತಾಗಿ ದೂರಕ್ಕೆ ಬರುತ್ತವೆ ಎಂದು ಆಮೇಲೆ ಓದಿ ತಿಳಿದೆ. ಹಾಗಾದರೆ ಎರಡು ತಿಂಗಳ ಕತ್ತಲಿನಲ್ಲಿ ಮೇಲ್ಪದರವೂ ಕರಗಿ ಆಕಾಶ ಖಾಲಿಯಾಗಬೇಕಲ್ಲವೇ? ನಿನ್ನೆಯ ನನ್ನ ದಿನಚರಿ ನೋಡಿ.

ಮಧ್ಯಾಹ್ನ 12ಕ್ಕೆ, ದೀಪ ಹಚ್ಚಿಕೊಂಡೇ ಊಟ ಮಾಡುವ ಹೊತ್ತಿನಲ್ಲಿ, 14 ಮೆಗಾಹರ್ಟ್ಸ್ ತುಂಬ ಮಾತುಕತೆ. ಸಂಜೆ 6ರಿಂದ 9ರವರೆಗೆ ಹಾಳುಬಾವಿಗೆ ಕಿವಿಯಿಟ್ಟ ಹಾಗೆ. ರಾತ್ರಿ 10:20ಕ್ಕೆ ನೆತ್ತಿಯ ಮೇಲೆ ಹಸಿರು ಧ್ರುವಪ್ರಭೆ (ಅರೋರಾ) ಹೊರಳತೊಡಗಿತು. ಆಗಲೇ 50 ಮೆಗಾಹರ್ಟ್ಸ್‌ನಲ್ಲಿ ಫಿನ್ಲೆಂಡಿನ ಮೋರ್ಸ್ ಸಂದೇಶ ಸಿಕ್ಕಿತು. ಆದರೆ ಅದರಲ್ಲಿ ಪೀಪಿಯಂಥ ನಾದವೇ ಇಲ್ಲ. ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಬರುವ ‘ಚುಂಯ್’ ಎನ್ನುವ ಸದ್ದು, ಅದೇ ಚುಕ್ಕೆ ಗೀಟುಗಳಾಗಿ ಬರುತ್ತಿತ್ತು. ಫಿನ್ಲೆಂಡ್ ನನಗೆ ತೆಂಕಣ ದಿಕ್ಕಿಗಿದ್ದರೂ ಆಂಟೆನಾ ಬಡಗಣಕ್ಕೆ ತಿರುಗಿಸಿದಾಗಲೇ ಅದು ಜೋರಾಗಿ ಕೇಳಿಸಿತು. 11:15ಕ್ಕೆ ಎಲ್ಲ ಬ್ಯಾಂಡುಗಳೂ ಒಟ್ಟಿಗೆ ಸತ್ತವು. ಹಿಮದ ಭಾರಕ್ಕೆ ತಂತಿ ಹರಿದಿರಬೇಕು ಎಂದು ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿದೆ. ತಂತಿ ನೆಟ್ಟಗೇ ಇತ್ತು. ಒಂದು ಗಂಟೆಯ ನಂತರ ಎಲ್ಲವೂ ತಾನಾಗಿ ಮರಳಿತು.

ಒಂದೇ ರಾತ್ರಿಯಲ್ಲಿ ನಾಲ್ಕು ಆಕಾಶ. ಯಾರಾದರೂ ಬಿಡಿಸಿ ಹೇಳುವಿರಾ?

ಭೌತಶಾಸ್ತ್ರದ ಮೇಷ್ಟ್ರು (ಡಿಸೆಂಬರ್ 9, ರಾತ್ರಿ 9:35)

ಮೊದಲ ಗಂಟು ಸುಲಭದ್ದು, ಅದನ್ನು ನಾನು ಬಿಚ್ಚುತ್ತೇನೆ. ನಿಮಗೆ ಕತ್ತಲಾಗಿದೆ ಎಂದ ಮಾತ್ರಕ್ಕೆ ನಿಮ್ಮ ತಲೆಯ ಮೇಲಿನ 300 ಕಿ.ಮೀ. ಎತ್ತರಕ್ಕೂ ಕತ್ತಲಾಗಿದೆ ಎಂದೇನೂ ಇಲ್ಲ. ತೆಂಗಿನ ಮರ ಹತ್ತಿದವನಿಗೆ ಸೂರ್ಯ ಎರಡು ಗಳಿಗೆ ತಡವಾಗಿ ಮುಳುಗುತ್ತಾನಲ್ಲ, ಅದೇ ಲೆಕ್ಕ. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ, 100 ಕಿ.ಮೀ. ಎತ್ತರದಲ್ಲಿರುವ ಇ ಪದರಕ್ಕೆ ಸೂರ್ಯ ಮರೆಯಾಗುವುದು ನೆಲದ ದಿಗಂತದಿಂದ 10 ಡಿಗ್ರಿ ಕೆಳಗಿಳಿದ ಮೇಲೆ. 300 ಕಿ.ಮೀ.ಯ ಎಫ್ ಪದರಕ್ಕೆ 17 ಡಿಗ್ರಿ ಕೆಳಗಿಳಿಯಬೇಕು.

ಟ್ರೋಮ್ಸೋದಲ್ಲಿ ಡಿಸೆಂಬರ್ 21ರ ಮಧ್ಯಾಹ್ನವೂ ಸೂರ್ಯ ದಿಗಂತದಿಂದ ಬರೀ 3 ಡಿಗ್ರಿ ಕೆಳಗಿರುತ್ತಾನೆ. ಅಂದರೆ ನೀವು ದೀಪ ಹಚ್ಚಿಕೊಂಡು ಉಣ್ಣುವಾಗ ಎಫ್ ಪದರ ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ. ನಿಮ್ಮ ಮಧ್ಯಾಹ್ನದ 14 ಮೆಗಾಹರ್ಟ್ಸ್ ಗುಟ್ಟು ಇಷ್ಟೇ.

ಶಿರಸಿಯ ಹುಡುಗ (ಡಿಸೆಂಬರ್ 9, ರಾತ್ರಿ 9:50)

ಮೇಷ್ಟ್ರೇ, ಇದು ಹೊಳೆದೇ ಇರಲಿಲ್ಲ. ಹಾಗಾದರೆ ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ?

ಭೌತಶಾಸ್ತ್ರದ ಮೇಷ್ಟ್ರು (ಡಿಸೆಂಬರ್ 9, ರಾತ್ರಿ 10:05)

ಅಲ್ಲಿನ ಮುಖ್ಯ ಊರು ಲಾಂಗ್‌ಇಯರ್‌ಬೈನ್ 78.2 ಡಿಗ್ರಿ. ಅಲ್ಲಿ ಮಕರ ಸಂಕ್ರಮಣದ ಕಾಲದ, ಅಂದರೆ ಪಂಚಾಂಗದ್ದಲ್ಲ, ಖಗೋಳದ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ 11.6 ಡಿಗ್ರಿ ಕೆಳಗೆ. ಇ ಪದರಕ್ಕೆ ಇಡೀ ದಿನ ಕತ್ತಲು, ಎಫ್ ಪದರಕ್ಕೆ ಮಧ್ಯಾಹ್ನ ಒಂದಿಷ್ಟು ಬಿಸಿಲು. ಧ್ರುವ ಬಿಂದುವಿನಲ್ಲಿ 23.4 ಡಿಗ್ರಿ. ಅಲ್ಲಿ ಬಿಸಿಲು ಕಾಣಬೇಕಾದರೆ ಸುಮಾರು 570 ಕಿ.ಮೀ. ಮೇಲಕ್ಕೆ ಹೋಗಬೇಕು.

ಹಳೆಯ ತಂತಿ (ಡಿಸೆಂಬರ್ 9, ರಾತ್ರಿ 10:40)

ನಾನು ಮೈಸೂರಿನವನು, ಪ್ರಸಾರ ಯಂತ್ರಗಳ ನಡುವೆ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಮೇಷ್ಟ್ರು ಬೆಳಕಿನ ಲೆಕ್ಕ ಕೊಟ್ಟರು, ನಾನು ಖರ್ಚಿನ ಲೆಕ್ಕ ಕೊಡುತ್ತೇನೆ. ಬಿಸಿಲು ನಿಂತ ಕೂಡಲೇ ಪದರಗಳೆಲ್ಲ ಒಂದೇ ವೇಗದಲ್ಲಿ ಕರಗುವುದಿಲ್ಲ.

60ರಿಂದ 90 ಕಿ.ಮೀ.ವರೆಗಿನ ಡಿ ಪದರದಲ್ಲಿ ಗಾಳಿ ದಟ್ಟ. ಅಲ್ಲಿ ಎಲೆಕ್ಟ್ರಾನ್‌ಗಳು ಅಯಾನುಗಳನ್ನು ಕೂಡಿಕೊಳ್ಳುತ್ತವೆ, ಇಲ್ಲವೇ ಆಮ್ಲಜನಕದ ಅಣುವಿಗೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತವೆ. ಇ ಪದರದಲ್ಲಿ ಇರುವುದು ಅಣು ಅಯಾನುಗಳು. ನೈಟ್ರಿಕ್ ಆಕ್ಸೈಡ್, ಆಮ್ಲಜನಕ. ಇವಕ್ಕೆ ಎಲೆಕ್ಟ್ರಾನ್ ಸಿಕ್ಕಿದರೆ ಕೂಡಿ, ಒಡೆದು, ಕೈತೊಳೆದುಕೊಂಡು ಹೋಗುತ್ತವೆ. ಎಫ್ ಪದರದ ಕತೆ ಬೇರೆ. ಅಲ್ಲಿರುವುದು ಒಂಟಿ ಆಮ್ಲಜನಕ ಪರಮಾಣುವಿನ ಅಯಾನು. ಅದು ಎಲೆಕ್ಟ್ರಾನ್ ಜೊತೆ ನೇರವಾಗಿ ಕೂಡುವುದು ಬಲು ಅಪರೂಪ. ಮೊದಲು ಅದು ಸಾರಜನಕದ ಅಣುವನ್ನೋ ಆಮ್ಲಜನಕದ ಅಣುವನ್ನೋ ಹುಡುಕಿ ತನ್ನ ವಿದ್ಯುದಂಶವನ್ನು ದಾಟಿಸಬೇಕು, ಆಮೇಲೆ ಆ ಅಣು ಅಯಾನು ಎಲೆಕ್ಟ್ರಾನ್ ಜೊತೆ ಕೂಡಬೇಕು. ಶಿರಸಿಯವರಿಗೆ ಹೇಳಬೇಕೇ? ದಲಾಲಿ ಅಂಗಡಿ ತೆರೆಯದೆ ಅಡಿಕೆ ವ್ಯಾಪಾರ ಕುದುರುವುದಿಲ್ಲ. ಎತ್ತರ ಹೆಚ್ಚಿದಂತೆ ಈ ದಲಾಲಿ ಅಣುಗಳು ವಿರಳವಾಗುತ್ತವೆ. ಆದ್ದರಿಂದ 300 ಕಿ.ಮೀ.ಯಲ್ಲಿ ಸರಕು ಗಂಟೆಗಟ್ಟಲೆ ಗೋದಾಮಿನಲ್ಲೇ ಉಳಿಯುತ್ತದೆ.

ಎಷ್ಟು ಉಳಿದಿದೆ ಎಂದು ತಿಳಿಯಲು ನಮ್ಮ ಕಾಲದ ಸೂತ್ರ: ಒಂದು ಘನ ಸೆಂಟಿಮೀಟರಿನಲ್ಲಿ 10 ಲಕ್ಷ ಎಲೆಕ್ಟ್ರಾನ್ ಇದ್ದರೆ ನೆಟ್ಟಗೆ ಮೇಲಕ್ಕೆ ಕಳಿಸಿದ 9 ಮೆಗಾಹರ್ಟ್ಸ್ ಅಲೆ ಮರಳಿ ಬರುತ್ತದೆ. 1 ಲಕ್ಷವಿದ್ದರೆ 2.8. ಹತ್ತೇ ಸಾವಿರವಿದ್ದರೆ 0.9. ಓರೆಯಾಗಿ ಕಳಿಸಿದರೆ ಇದರ ಮೂರು ಪಟ್ಟಿನವರೆಗೂ ಎಳೆಯಬಹುದು. ನಿಮ್ಮ ಸಂಜೆಯ ಮೌನಕ್ಕೆ ಆ ಹತ್ತು ಸಾವಿರವೇ ಕಾರಣ ಎಂದು ನನ್ನ ಗುಮಾನಿ. ಆದರೆ ಕೆಲವೇ ಗಂಟೆಗಳಲ್ಲಿ ಅಷ್ಟು ಇಳಿಯುವುದೇಕೆ ಎಂಬುದನ್ನು ಬಲ್ಲವರು ಹೇಳಬೇಕು.

ನಿದ್ದೆಗೆಟ್ಟವಳು (ಡಿಸೆಂಬರ್ 10, ಬೆಳಗಿನ 1:15)

ಅಡಿಕೆ ದಲಾಲಿ ಉಪಮೆ ಚೆನ್ನಾಗಿದೆ ರಾಯರೇ. ಆದರೆ ಗಂಟೆಗಟ್ಟಲೆ ಉಳಿಯುವುದಕ್ಕೂ ತಿಂಗಳುಗಟ್ಟಲೆ ಉಳಿಯುವುದಕ್ಕೂ ವ್ಯತ್ಯಾಸವಿದೆಯಲ್ಲ. ಧ್ರುವದ ನಡುವೆ ಕತ್ತಲೆಯಲ್ಲಿ ಗೋದಾಮು ಯಾವತ್ತೋ ಖಾಲಿಯಾಗಬೇಕಿತ್ತು.

ಹಿಮದಿಂದ ಮರಳಿದವಳು (ಡಿಸೆಂಬರ್ 10, ಬೆಳಗ್ಗೆ 7:20)

ಅಂಟಾರ್ಕ್ಟಿಕದ ಮೈತ್ರಿ ನೆಲೆಯಲ್ಲಿ ಒಂದು ಚಳಿಗಾಲ ಕಳೆದವಳು ನಾನು. ಈ ಪ್ರಶ್ನೆಯ ಜೊತೆಗೇ ಆರು ತಿಂಗಳು ಮಲಗಿ ಎದ್ದಿದ್ದೇನೆ, ಸುಮ್ಮನಿರಲಾಗಲಿಲ್ಲ.

ಮೊದಲು ಮೇಷ್ಟ್ರ ಲೆಕ್ಕಕ್ಕೆ ಚಿಕ್ಕ ತಿದ್ದುಪಡಿ. ಭೂಮಿಯ ಅಂಚನ್ನು ಸವರಿಕೊಂಡು ಬರುವ ಕಿರಣ ದಟ್ಟ ಗಾಳಿಯನ್ನು ಹಾದು ಬರಬೇಕು. ಅಯಾನು ಹುಟ್ಟಿಸುವ ತೀವ್ರ ಅತಿನೇರಳೆ ಬೆಳಕು ಅಲ್ಲೇ ಹೀರಿಹೋಗುತ್ತದೆ. ಕೆಳಗಿನ 100 ಕಿ.ಮೀ. ಗಾಳಿಯನ್ನು ಗೋಡೆ ಎಂದೇ ಎಣಿಸುವುದು ಒಳ್ಳೆಯದು. ಆಗ 17 ಡಿಗ್ರಿ ಹೋಗಿ 14 ಆಗುತ್ತದೆ. ಟ್ರೋಮ್ಸೋದ ಡಿಸೆಂಬರ್ ನಡುವಿನಲ್ಲಿ ಈ 14 ಡಿಗ್ರಿ ದಾಟುವುದು ಸಂಜೆ 4ರ ಹೊತ್ತಿಗೆ. ಎಫ್ ಪದರದ ನಿಜವಾದ ಸೂರ್ಯಾಸ್ತ ಅದು.

ಈಗ ನಿದ್ದೆಗೆಟ್ಟವರ ಪ್ರಶ್ನೆ. ನಾವು ದಕ್ಷಿಣ ಭಾರತದವರು ಅಯಾನುಗೋಳವನ್ನು ಮನೆಯ ಮಾಡಿನ ಹಾಗೆ ಕಲ್ಪಿಸಿಕೊಳ್ಳುತ್ತೇವೆ: ತಲೆಯ ಮೇಲೆ ಇದೆ, ಹಗಲು ದಪ್ಪವಾಗುತ್ತದೆ, ರಾತ್ರಿ ತೆಳುವಾಗುತ್ತದೆ. ಧ್ರುವದ ಬಳಿ ಅದು ಮಾಡು ಅಲ್ಲ, ಹೊಳೆ. ಸೌರ ಮಾರುತವು, ಅಂದರೆ ಸೂರ್ಯನಿಂದ ಸದಾ ಹೊರಬೀಳುವ ಕಣಗಳ ಹರಿವು, ಭೂಮಿಯ ಕಾಂತರೇಖೆಗಳನ್ನು ಹಗಲಿನ ಕಡೆಯಲ್ಲಿ ಬಿಡಿಸಿ, ಧ್ರುವದ ಮೇಲಿಂದ ರಾತ್ರಿಯ ಕಡೆಗೆ ಎಳೆದೊಯ್ಯುತ್ತದೆ. ಆ ರೇಖೆಗಳಿಗೆ ಅಂಟಿಕೊಂಡ ಎಫ್ ಪದರದ ಪ್ಲಾಸ್ಮಾ, ಅಂದರೆ ಅಯಾನು ಎಲೆಕ್ಟ್ರಾನ್‌ಗಳ ರಾಶಿ, ಕೂಡ ಹೊರಡುತ್ತದೆ. ಧ್ರುವದ ಮೇಲೆ ಹಗಲಿನಿಂದ ರಾತ್ರಿಗೆ ಹರಿದು, ಮುಂಜಾನೆ ಮತ್ತು ಮುಸ್ಸಂಜೆಯ ಬದಿಗಳಿಂದ ಹಗಲಿಗೆ ಮರಳುವ ಎರಡು ಸುಳಿಗಳು. ಹರಿವಿನ ವೇಗ ಸೆಕೆಂಡಿಗೆ ಕೆಲವು ನೂರು ಮೀಟರ್, ಗಲಾಟೆಯ ದಿನ ಒಂದು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು. ಅರ್ಧ ಕಿಲೋಮೀಟರ್ ವೇಗವೆಂದರೂ 3,000 ಕಿ.ಮೀ. ದಾಟಲು ಒಂದು ಗಂಟೆ ನಲವತ್ತು ನಿಮಿಷ ಸಾಕು. ಹಳೆಯ ತಂತಿಯವರ ಗೋದಾಮಿನ ಸರಕು ಅದಕ್ಕಿಂತ ಹೆಚ್ಚು ಹೊತ್ತು ಬಾಳುತ್ತದೆ. ಅಂದರೆ ಸೂರ್ಯನ ಬೆಳಕು ಧ್ರುವಕ್ಕೆ ಬರದಿದ್ದರೂ, ಬೇರೆಡೆ ಸೂರ್ಯನ ಬೆಳಕಿನಲ್ಲಿ ತಯಾರಾದ ಪ್ಲಾಸ್ಮಾ ಬರುತ್ತಲೇ ಇರುತ್ತದೆ.

ಅದು ಹಾಸಿದಂತೆ ಒಂದೇ ಸಮನೆ ಬರುವುದಿಲ್ಲ ಎನ್ನುವುದೇ ನನಗೆ ಇಷ್ಟವಾದ ಸಂಗತಿ. ಹಗಲಿನ ಕಡೆಯಿಂದ ನಾಲಿಗೆಯ ಹಾಗೆ ಚಾಚಿಕೊಂಡು, ನಡುವೆ ತುಂಡಾಗಿ, 100ರಿಂದ 1,000 ಕಿ.ಮೀ. ಅಗಲದ ತೇಪೆಗಳಾಗಿ ತೇಲಿ ಬರುತ್ತದೆ. ತೇಪೆಯೊಳಗೆ ಎಲೆಕ್ಟ್ರಾನ್ ಸಾಂದ್ರತೆ ಸುತ್ತಲಿಗಿಂತ ಕನಿಷ್ಠ ಎರಡು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟು. ಕಣ್ಣಿಗೆ ಕಾಣದಷ್ಟು ಮಂಕಾದ 630 ನ್ಯಾನೋಮೀಟರ್ ಕೆಂಪು ಬೆಳಕನ್ನು ಬೀರುತ್ತ, ಕ್ಯಾಮೆರಾಗಳಲ್ಲಿ ಮೋಡದ ಹಾಗೆ ಸಾಗುತ್ತವೆ. ಜಿಪಿಎಸ್ ಸಂಕೇತ ಅವುಗಳ ಅಂಚಿನಲ್ಲಿ ನಡುಗುತ್ತದೆ. ಕಡುಗತ್ತಲಿನ ಮಧ್ಯರಾತ್ರಿ ಸ್ವಾಲ್‌ಬಾರ್ಡ್‌ನ ಮೇಲೆ ತೇಲಿಹೋಗುವ ಒಂದು ತೇಪೆ, ಕೆಲವು ಗಂಟೆಗಳ ಹಿಂದೆ ಎಲ್ಲೋ ಬಿಸಿಲಿನಲ್ಲಿದ್ದದ್ದು.

ಹೊಳೆಯಲ್ಲಿ ಮಡುಗಳೂ ಇರುತ್ತವೆ. ನಿಮ್ಮ ಸಂಜೆಯ ಮೌನ ಅಂಥ ಮಡು. ಭೂಮಿ ತನ್ನ ಜೊತೆ ಮೇಲಿನ ಪ್ಲಾಸ್ಮಾವನ್ನೂ ಪೂರ್ವಕ್ಕೆ ತಿರುಗಿಸುತ್ತದೆ; ಟ್ರೋಮ್ಸೋದ ಅಕ್ಷಾಂಶದಲ್ಲಿ ಆ ವೇಗ ಸೆಕೆಂಡಿಗೆ 160 ಮೀಟರಿನಷ್ಟು. ಮುಸ್ಸಂಜೆಯ ಬದಿಯಲ್ಲಿ ಸುಳಿಯ ಹರಿವು ಪಶ್ಚಿಮಕ್ಕೆ. ಎರಡೂ ಸರಿದೂಗುವ ಕಡೆ ಪ್ಲಾಸ್ಮಾ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಕತ್ತಲಿನಲ್ಲಿ ನಿಂತೇ ಬಿಡುತ್ತದೆ. ಮೇಲಿನಿಂದ ಬೆಳಕಿಲ್ಲ, ಪಕ್ಕದಿಂದ ಪೂರೈಕೆಯಿಲ್ಲ, ಗೋದಾಮು ಬರಿದಾಗುತ್ತದೆ. ಕಾಂತಧ್ರುವವನ್ನು ಸುತ್ತುವರಿದ ಧ್ರುವಪ್ರಭೆಯ ಉಂಗುರಕ್ಕೆ ತಾಗಿಕೊಂಡು, ಸಮಭಾಜಕದ ಕಡೆಯ ಬದಿಯಲ್ಲಿ ಈ ತಗ್ಗು ಇರುತ್ತದೆ. 1962ರಲ್ಲಿ ಕೆನಡಾ ಹಾರಿಸಿದ ಮೊದಲ ಉಪಗ್ರಹ ಅಲೂಯೆಟ್ ಅಯಾನುಗೋಳವನ್ನು ಮೇಲಿನಿಂದ ಕೆಳಕ್ಕೆ ತಡವಿ ನೋಡಿದಾಗ ಇದರ ಸ್ಪಷ್ಟ ಚಿತ್ರ ಸಿಕ್ಕಿತು. ನೆಲದ ಮೇಲೆ ಕೂತವರಿಗೆ ಅದು ಬರೀ ‘ಇವತ್ತು ಬ್ಯಾಂಡ್ ಸರಿಯಿಲ್ಲ’ ಎನ್ನುವ ಗೊಣಗಾಟ.

ಶಿರಸಿಯ ಹುಡುಗ (ಡಿಸೆಂಬರ್ 10, ಬೆಳಗ್ಗೆ 11:40)

ಅಕ್ಕಾ, ಇದನ್ನು ಮೂರು ಸಲ ಓದಿದೆ. ನಾಲ್ಕು ಆಕಾಶಗಳಲ್ಲಿ ಎರಡು ಮುಗಿದವು. ಕಾವಲಿಯ ಸದ್ದು?

ಭೌತಶಾಸ್ತ್ರದ ಮೇಷ್ಟ್ರು (ಡಿಸೆಂಬರ್ 10, ಮಧ್ಯಾಹ್ನ 1:30)

ಅದು ಧ್ರುವಪ್ರಭೆಯ ಕೆಲಸ. ಸೂರ್ಯನಿಂದ ಹೊರಟ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವದತ್ತ ತಿರುಗಿಸುತ್ತದೆ, ಅವು ನೇರವಾಗಿ ವಾತಾವರಣಕ್ಕೆ ಬಡಿದು ಅಯಾನುಗಳನ್ನು ಹುಟ್ಟಿಸುತ್ತವೆ.

ಹಿಮದಿಂದ ಮರಳಿದವಳು (ಡಿಸೆಂಬರ್ 10, ಮಧ್ಯಾಹ್ನ 2:10)

ಮೇಷ್ಟ್ರೇ, ಪಠ್ಯಪುಸ್ತಕಗಳು ಹಾಗೆಯೇ ಹೇಳುತ್ತವೆ. ಆದರೆ ನೇರವಾಗಿ ಬಡಿಯುವುದಾದರೆ ಹಗಲಿನ ಕಡೆಯಲ್ಲೇ ಹೆಚ್ಚು ಬಡಿಯಬೇಕಿತ್ತು, ಮಧ್ಯರಾತ್ರಿಯ ಬಳಿ ಆರ್ಭಟ ಏಕೆ? ರಾತ್ರಿಯ ಕಡೆ ಭೂಮಿಯ ಕಾಂತಗೋಳ (ಅದರ ಕಾಂತಕ್ಷೇತ್ರ ಹರಡಿರುವ ವಲಯ) ಧೂಮಕೇತುವಿನ ಬಾಲದಂತೆ ಉದ್ದಕ್ಕೆ ಎಳೆದುಕೊಂಡಿದೆ. ಸೌರ ಮಾರುತ ಕೊಟ್ಟ ಶಕ್ತಿ ಆ ಬಾಲದಲ್ಲಿ ಕೂಡಿಬೀಳುತ್ತದೆ, ಆಮೇಲೆ ಒಮ್ಮೆಲೇ ಕಳಚಿಕೊಳ್ಳುತ್ತದೆ. ಇದನ್ನು ಸಬ್‌ಸ್ಟಾರ್ಮ್ ಎನ್ನುತ್ತಾರೆ. ಧ್ರುವಪ್ರಭೆ ಇದರಲ್ಲಿ ಹೇಗೆ ಹಂತಹಂತವಾಗಿ ಸಿಡಿದು ಹರಡುತ್ತದೆ ಎಂಬುದನ್ನು ವಿಜ್ಞಾನಿ ಅಕಾಸೋಫು 1964ರಲ್ಲಿ ವಿವರಿಸಿದರು. ಭೂಮಿಗೆ ಬೀಳುವ ಎಲೆಕ್ಟ್ರಾನ್‌ಗಳು ಬಾಲದಿಂದ ಬಂದವು, ದಾರಿಯಲ್ಲಿ ವಿದ್ಯುತ್ ಕ್ಷೇತ್ರಗಳಿಂದ ವೇಗ ಪಡೆದವು. ಟ್ರೋಮ್ಸೋಗೆ ಕಾಂತೀಯ ಮಧ್ಯರಾತ್ರಿ, ಅಂದರೆ ಕಾಂತಧ್ರುವದ ಲೆಕ್ಕದಲ್ಲಿ ಊರು ಸೂರ್ಯನಿಗೆ ನೇರ ಆಚೆ ಬದಿಗೆ ಬರುವ ಹೊತ್ತು, ಬರುವುದು ಅಲ್ಲಿನ ಗಡಿಯಾರದಲ್ಲಿ ಸುಮಾರು 10:30ಕ್ಕೆ. ನಮ್ಮ ಹುಡುಗ ನೋಡಿದ್ದು 10:20ಕ್ಕೆ!

ಭೌತಶಾಸ್ತ್ರದ ಮೇಷ್ಟ್ರು (ಡಿಸೆಂಬರ್ 10, ಮಧ್ಯಾಹ್ನ 2:25)

ಒಪ್ಪಿದೆ. ಹದಿನೆಂಟು ವರ್ಷದಿಂದ ಪಿಯುಸಿ ಮಕ್ಕಳಿಗೆ ತಪ್ಪು ಹೇಳುತ್ತ ಬಂದಿದ್ದೇನೆ. ನಾಳೆಯೇ ತಿದ್ದುತ್ತೇನೆ.

ಹಿಮದಿಂದ ಮರಳಿದವಳು (ಡಿಸೆಂಬರ್ 10, ಸಂಜೆ 6:45)

ಮುಂದುವರಿಸುತ್ತೇನೆ. ಒಂದು ಅಯಾನು ಜೋಡಿ ಹುಟ್ಟಿಸಲು ಎಲೆಕ್ಟ್ರಾನ್ ಸುಮಾರು 35 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತೆ) ಕಳೆದುಕೊಳ್ಳುತ್ತದೆ. 10 ಸಾವಿರ ಎಲೆಕ್ಟ್ರಾನ್ ವೋಲ್ಟ್ ಹೊತ್ತು ಬಂದದ್ದು ಸುಮಾರು 300 ಜೋಡಿ ಹುಟ್ಟಿಸಿ ತಣ್ಣಗಾಗುತ್ತದೆ. ಸಾವಿರ ವೋಲ್ಟಿನದು 150 ಕಿ.ಮೀ. ಆಸುಪಾಸಿನಲ್ಲಿ ನಿಂತರೆ, ಹತ್ತು ಸಾವಿರದ್ದು 110ರ ಕೆಳಗಿನವರೆಗೂ ಇಳಿಯುತ್ತದೆ. ಹೀಗಾಗಿ ಬಿಸಿಲಿಲ್ಲದ ನಡುರಾತ್ರಿಯಲ್ಲಿ ಇ ಪದರ ಬೇಸಿಗೆಯ ಮಧ್ಯಾಹ್ನಕ್ಕಿಂತಲೂ ದಟ್ಟವಾಗಬಹುದು. ಘನ ಸೆಂಟಿಮೀಟರಿಗೆ ಹತ್ತು ಲಕ್ಷದವರೆಗೂ ಏರುವುದುಂಟು. ಬೆಂಗಳೂರಿನ ಇ ಪದರಕ್ಕೆ ಇಂಥ ರಾತ್ರಿ ಕನಸಿನಲ್ಲೂ ಬರುವುದಿಲ್ಲ. ಆದರೆ ಇದು ಕೂಲಿ ಮಾಡಿದ ದಿನ ಮಾತ್ರ ಉಣ್ಣುವ ಪದರ. ಅಣು ಅಯಾನುಗಳ ವ್ಯವಹಾರವಾದ್ದರಿಂದ ಕಣಗಳ ಮಳೆ ನಿಂತ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಕರಗತೊಡಗುತ್ತದೆ. ಪ್ರಭೆಯ ಪರದೆ ಅತ್ತ ಸರಿದರೆ ಪದರವೂ ಅತ್ತ ಸರಿಯುತ್ತದೆ.

ಇನ್ನು ಕಾವಲಿ. ಇ ಪದರ ದಟ್ಟವಾದ ಕೂಡಲೇ ಅದು ಒಳ್ಳೆಯ ವಾಹಕ. 100–120 ಕಿ.ಮೀ. ಎತ್ತರದಲ್ಲಿ ಭಾರಿ ವಿದ್ಯುತ್ ಪ್ರವಾಹ ಹರಿಯುತ್ತದೆ, ಮಧ್ಯರಾತ್ರಿಯ ಬಳಿ ಪಶ್ಚಿಮಮುಖವಾಗಿ. ಎಲೆಕ್ಟ್ರಾನ್‌ಗಳು ಅಲ್ಲಿನ ಶಬ್ದದ ವೇಗವನ್ನು, ಸೆಕೆಂಡಿಗೆ ಸುಮಾರು 400 ಮೀಟರನ್ನು, ಮೀರಿ ಓಡಿದಾಗ ಪ್ಲಾಸ್ಮಾದಲ್ಲಿ ಕಾಂತರೇಖೆಗುಂಟ ಸಣ್ಣ ಸಣ್ಣ ಸುಕ್ಕುಗಳೇಳುತ್ತವೆ. 50 ಮೆಗಾಹರ್ಟ್ಸ್ ಎಂದರೆ 6 ಮೀಟರ್ ಅಲೆ. ಅದನ್ನು ಹಿಂದಕ್ಕೆ ಚದರಿಸುವುದು 3 ಮೀಟರಿನ ಸುಕ್ಕು. ಸುಕ್ಕುಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿರುವುದರಿಂದ ಒಂದೇ ನಾದ ಸಾವಿರ ನಾದಗಳಾಗಿ ಒಡೆದು ‘ಚುಂಯ್’ ಎನ್ನುತ್ತದೆ. ಫಿನ್ಲೆಂಡಿನವರೂ ಬಡಗಣಕ್ಕೆ ಕಳಿಸಿದರು, ನೀವೂ ಬಡಗಣಕ್ಕೆ ಕಿವಿಗೊಟ್ಟಿರಿ, ನಡುವೆ ಪ್ರಭೆಯೇ ಗೋಡೆಯಾಯಿತು.

ಹಳೆಯ ತಂತಿ (ಡಿಸೆಂಬರ್ 10, ಸಂಜೆ 7:30)

ಈ ಸುಕ್ಕುಗಳು ನಮಗೂ ದೂರದ ನೆಂಟರು. 1963ರಲ್ಲಿ ವಿಜ್ಞಾನಿಗಳಾದ ಫಾರ್ಲೆ ಮತ್ತು ಬುನೆಮನ್ ಬೇರೆ ಬೇರೆಯಾಗಿ ಇದರ ಸಿದ್ಧಾಂತ ಬರೆದಾಗ ಫಾರ್ಲೆಯವರ ಕಣ್ಣಿದ್ದದ್ದು ಧ್ರುವದ ಮೇಲಲ್ಲ, ಪೆರುವಿನ ಮೇಲೆ ಹರಿಯುವ ಕಾಂತೀಯ ಸಮಭಾಜಕದ ವಿದ್ಯುತ್ ಪ್ರವಾಹದ ಮೇಲೆ. ಅದೇ ಪ್ರವಾಹ ಕೇರಳದ ತುಂಬಾದ ಮೇಲೂ ಹಾಯುತ್ತದೆ. ಅದೇ ವರ್ಷ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿದ್ದಕ್ಕೂ ಅದೇ ಕಾರಣ.

11:15ರ ಸಾವಿನ ಬಗ್ಗೆ ನಾನು ಹೇಳಬಲ್ಲೆ. ಹುಡುಗಾ, ನೀನು ಕುಳಿತಿರುವ ಊರಿನಲ್ಲೇ ಅದಕ್ಕೆ ಇತಿಹಾಸವಿದೆ. 1932–33ರ ಎರಡನೆಯ ಅಂತರರಾಷ್ಟ್ರೀಯ ಧ್ರುವ ವರ್ಷದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಆ್ಯಪಲ್ಟನ್ ಬ್ರಿಟನ್ನಿನ ತಂಡ ಕಟ್ಟಿಕೊಂಡು ಟ್ರೋಮ್ಸೋಗೆ ಬಂದರು. ಮೇಲಕ್ಕೆ ಅಲೆ ಕಳಿಸಿ ಮಾರ್ದನಿ ಅಳೆಯುವುದು ಅವರ ಕೆಲಸ. ಕಾಂತೀಯ ಗಲಾಟೆಯ ಹೊತ್ತಿನಲ್ಲಿ ಮಾರ್ದನಿಗಳು ಪೂರ್ತಿ ಮಾಯವಾಗುವುದನ್ನು ಅವರು ಕಂಡರು. ಪದರವಿಲ್ಲದೆ ಮಾಯವಾದದ್ದಲ್ಲ, ಕೆಳಗಿನ ಪದರವೇ ನುಂಗಿದ್ದು. ಅವರೂ ಮೊದಲ ಸಲ ಯಂತ್ರ ಕೆಟ್ಟಿದೆಯೇ ಎಂದು ತಡಕಾಡಿರಬೇಕು ಎಂದು ನನ್ನ ಊಹೆ, ನೀನು ಟಾರ್ಚ್ ಹಿಡಿದು ಹೋದ ಹಾಗೆ.

ಹಿಮದಿಂದ ಮರಳಿದವಳು (ಡಿಸೆಂಬರ್ 10, ರಾತ್ರಿ 8:05)

ಸರಿಯಾಗಿ ಹೇಳಿದಿರಿ ಸರ್. ಸಬ್‌ಸ್ಟಾರ್ಮ್ ಸಿಡಿದ ಮೇಲೆ 30 ಸಾವಿರ ವೋಲ್ಟಿಗೂ ಮೀರಿದ ಎಲೆಕ್ಟ್ರಾನ್‌ಗಳು ಬೀಳುತ್ತವೆ, 90 ಕಿ.ಮೀ.ಗಿಂತ ಕೆಳಕ್ಕೆ ನುಗ್ಗಿ ಡಿ ಪದರವನ್ನು ನಡುರಾತ್ರಿಯಲ್ಲಿ ಎಬ್ಬಿಸುತ್ತವೆ. ಮೈತ್ರಿಯಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ರಿಯೋಮೀಟರ್ ಇದನ್ನೇ ಅಳೆಯುತ್ತದೆ. ನಕ್ಷತ್ರಲೋಕದಿಂದ ಸದಾ ಬರುವ ರೇಡಿಯೋ ಗದ್ದಲ ಎಷ್ಟು ಕುಗ್ಗಿತು ಎಂದು ನೋಡಿ, ಕೆಳಗಿನ ಪದರ ಎಷ್ಟು ನುಂಗಿತು ಎಂದು ಲೆಕ್ಕ ಹಾಕುವ ಉಪಕರಣ ಅದು.

ಇದಕ್ಕಿಂತ ದೊಡ್ಡ ನುಂಗಣ್ಣ ಇನ್ನೊಬ್ಬನಿದ್ದಾನೆ. ಸೂರ್ಯನ ಮೇಲೆ ಸ್ಫೋಟವಾದಾಗ ಬರುವ ಪ್ರೋಟಾನ್‌ಗಳು ಇಡೀ ಧ್ರುವ ಪ್ರದೇಶದ ಡಿ ಪದರವನ್ನು ದಿನಗಟ್ಟಲೆ ಕೆಡಿಸುತ್ತವೆ. ವಿಚಿತ್ರವೆಂದರೆ ಆ ನಷ್ಟ ರಾತ್ರಿಯ ಕಡೆ ಹಲವು ಪಟ್ಟು ಕಡಿಮೆ. ಪ್ರೋಟಾನ್ ಮಳೆ ಎರಡೂ ಕಡೆ ಒಂದೇ. ಆದರೆ ರಾತ್ರಿ ಎಲೆಕ್ಟ್ರಾನ್‌ಗಳು ಆಮ್ಲಜನಕಕ್ಕೆ ಅಂಟಿ ಕೂರುತ್ತವೆ, ಹಗಲಿನಲ್ಲಿ ಬರೀ ಕಣ್ಣಿಗೆ ಕಾಣುವ ಬೆಳಕೇ ಅವನ್ನು ಬಿಡಿಸಿಬಿಡುತ್ತದೆ. ಕತ್ತಲು ರೇಡಿಯೋಗೆ ಉಪಕಾರ ಮಾಡುವ ಪ್ರಸಂಗ ಇದು.

ಅನುಮಾನದ ಅನಂತು (ಡಿಸೆಂಬರ್ 10, ರಾತ್ರಿ 10:30)

ಎಲ್ಲರೂ ಪ್ರಕೃತಿ, ಪ್ರಕೃತಿ ಎನ್ನುತ್ತಿದ್ದೀರಿ. ಅಲಾಸ್ಕದಲ್ಲಿ ಅಮೆರಿಕದವರು ಅಯಾನುಗೋಳವನ್ನೇ ಕಾಯಿಸುವ ಹಾರ್ಪ್ ಯಂತ್ರ ಇಟ್ಟಿದ್ದಾರೆ. ಆ ಒಂದು ಗಂಟೆಯ ಕತ್ತು ಹಿಸುಕಿದ್ದು ಅದೇ ಏಕಿರಬಾರದು?

ಹಳೆಯ ತಂತಿ (ಡಿಸೆಂಬರ್ 10, ರಾತ್ರಿ 10:50)

ಅನಂತು ಅವರೇ, ಅಷ್ಟು ದೂರ ಏಕೆ ಹೋಗುತ್ತೀರಿ? ಅಂಥದ್ದೊಂದು ಕಾಯಿಸುವ ಯಂತ್ರ ಟ್ರೋಮ್ಸೋದ ಪಕ್ಕದ ರಾಮ್‌ಫ್ಯೂರ್‌ಮೋಯೆನ್‌ನಲ್ಲೇ ಇದೆ, ಅಯಾನುಗೋಳವನ್ನು ಅಳೆಯುವ ಐಸ್ಕ್ಯಾಟ್ ರೇಡಾರ್‌ಗಳ ಬಳಿ. ಮುಚ್ಚಿಟ್ಟದ್ದೇನಲ್ಲ. ಹಾರ್ಪ್‌ನಲ್ಲಿ 180 ಆಂಟೆನಾಗಳು, ಒಟ್ಟು 36 ಲಕ್ಷ ವ್ಯಾಟ್. ಕೇಳಲು ದೊಡ್ಡದೇ. ಧ್ರುವಪ್ರಭೆಯ ಉಂಗುರಕ್ಕೆ ಕಣಗಳು ಸುರಿಯುವ ಶಕ್ತಿ ಸಾಧಾರಣ ಗಲಾಟೆಯ ದಿನವೇ 1,000 ಕೋಟಿ ವ್ಯಾಟ್ ದಾಟುತ್ತದೆ. ಸುಮಾರು 2,800 ಹಾರ್ಪ್‌ಗಳು ಒಟ್ಟಿಗೆ ಗರ್ಜಿಸಬೇಕು. ಜೋಗದ ಬುಡದಲ್ಲಿ ನಿಂತು, ಬಟ್ಟೆ ಒದ್ದೆಯಾದದ್ದಕ್ಕೆ ಪಕ್ಕದವನ ಪಿಚಕಾರಿಯನ್ನು ದೂರಿದ ಹಾಗಾಯಿತು.

ಅನುಮಾನದ ಅನಂತು (ಡಿಸೆಂಬರ್ 10, ರಾತ್ರಿ 11:02)

ಪಿಚಕಾರಿಯೂ ಒದ್ದೆ ಮಾಡುತ್ತದೆ ಎಂಬುದನ್ನು ಮಾತ್ರ ದಾಖಲಿಸಿಕೊಳ್ಳಿ.

ಹಳೆಯ ತಂತಿ (ಡಿಸೆಂಬರ್ 10, ರಾತ್ರಿ 11:05)

ದಾಖಲಿಸಿದೆ. ಕಾಯಿಸಿದಷ್ಟು ಜಾಗದಲ್ಲಿ, ಕಾಯಿಸಿದಷ್ಟು ಹೊತ್ತು.

ನಿದ್ದೆಗೆಟ್ಟವಳು (ಡಿಸೆಂಬರ್ 11, ಬೆಳಗಿನ 12:40)

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ವಿಮಾನದಿಂದ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ವಿಮಾನ ತಂದರಲ್ಲ. ಜನವರಿ ಎಂದರೆ ಧ್ರುವದಲ್ಲಿ ನಡುರಾತ್ರಿ. ಅವರಿಗೂ ಈ ಹೊಳೆ, ಮಡು, ತೇಪೆಗಳ ಕಾಟ ಇರುತ್ತದೆಯೇ?

ಹಿಮದಿಂದ ಮರಳಿದವಳು (ಡಿಸೆಂಬರ್ 11, ಬೆಳಗ್ಗೆ 7:05)

ಇರುತ್ತದೆ. ಸಮಭಾಜಕದ ಮೇಲೆ ನಿಂತ ಭೂಸ್ಥಿರ ಉಪಗ್ರಹಗಳು ಸುಮಾರು 82 ಡಿಗ್ರಿ ದಾಟಿದರೆ ದಿಗಂತದ ಕೆಳಗೆ ಹೋಗುತ್ತವೆ. ಅಲ್ಲಿ ನಿಯಂತ್ರಣ ಕೇಂದ್ರದ ಜೊತೆ ಮಾತನಾಡಲು ಬಹುಕಾಲ ಉಳಿದ ದಾರಿ ಹ್ರಸ್ವ ತರಂಗದ ರೇಡಿಯೋ ಒಂದೇ. ಈಗ ಧ್ರುವಗಳ ಮೇಲೆ ಹಾಯುವ ಇರಿಡಿಯಂ ಉಪಗ್ರಹಗಳೂ ಇವೆ. ಪ್ರೋಟಾನ್ ಮಳೆಯ ಮುನ್ಸೂಚನೆ ಬಂದರೆ ವಿಮಾನ ಸಂಸ್ಥೆಗಳು ದಕ್ಷಿಣದ ಉದ್ದನೆಯ ದಾರಿ ಹಿಡಿಯುತ್ತವೆ, ಇಂಧನ ಹೆಚ್ಚು ಸುಟ್ಟರೂ ಸರಿ ಎಂದು.

ಇನ್ನೊಂದು ಮಾತು. ಈ ಚರ್ಚೆಯಲ್ಲಿ ನಾವೆಲ್ಲ ‘ಅಕ್ಷಾಂಶ’ ಎಂದು ಸಲೀಸಾಗಿ ಬಳಸಿದೆವು. ಯಾವ ಅಕ್ಷಾಂಶ? ನಮ್ಮ ಮೈತ್ರಿ 70.8 ಡಿಗ್ರಿ ದಕ್ಷಿಣ, ಭಾರತಿ ನೆಲೆ 69.4. ಭೂಪಟದಲ್ಲಿ ಒಂದೂವರೆ ಡಿಗ್ರಿಯ ಅಂತರವೂ ಇಲ್ಲ. ಆದರೆ ಕಾಂತೀಯ ಅಕ್ಷಾಂಶದಲ್ಲಿ, ಅಂದರೆ ಕಾಂತಧ್ರುವವನ್ನು ಆಧಾರವಾಗಿ ಹಿಡಿದು ಎಣಿಸಿದರೆ, ಮೈತ್ರಿ 63ರ ಆಸುಪಾಸು, ಭಾರತಿ 75ರ ಆಸುಪಾಸು. ಶಾಂತ ರಾತ್ರಿಗಳಲ್ಲಿ ಮೈತ್ರಿ ಆ ತಗ್ಗಿನ ಬಳಿ ಕುಳಿತಿರುತ್ತದೆ. ಸಬ್‌ಸ್ಟಾರ್ಮ್ ಬಂದಾಗ ಉಂಗುರ ಹಿಗ್ಗಿ ನೆತ್ತಿಯ ಮೇಲೆ ಬರುತ್ತದೆ. ಭಾರತಿಯ ಮಧ್ಯರಾತ್ರಿ ಉಂಗುರದ ಒಳಗೆ, ತೇಪೆಗಳು ತೇಲುವ ಧ್ರುವಟೋಪಿಯಲ್ಲಿ. ಒಂದೇ ದೇಶದ ಎರಡು ನೆಲೆಗಳು, ಒಂದೇ ಬಗೆಯ ಚಳಿ, ಮೇಲೆ ಬೇರೆ ಬೇರೆ ಆಕಾಶ. ಮೈತ್ರಿಯಲ್ಲಿ ಎಷ್ಟೋ ರಾತ್ರಿ ದಕ್ಷಿಣದ ದಿಗಂತದಲ್ಲಿ ಮಸುಕು ಹಸಿರು ಗೆರೆ ನೋಡುತ್ತ, ‘ಇತ್ತ ಬಾ’ ಎಂದು ಕಾದಿದ್ದೇನೆ.

ಉತ್ತರದಲ್ಲಿ ನಮ್ಮ ಹಿಮಾದ್ರಿ ನೆಲೆ ಸ್ವಾಲ್‌ಬಾರ್ಡ್‌ನ ನ್ಯೂ ಓಲೆಸುಂಡ್‌ನಲ್ಲಿದೆ, 2008ರಿಂದ. 2023ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಚಳಿಗಾಲದ ತಂಡ ಹೋಯಿತು, ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಖಗೋಳ ರೇಡಿಯೋ ಅಳತೆಗೆ ಆ ಜಾಗ ಎಷ್ಟು ನಿಶ್ಶಬ್ದ ಎಂದು ನೋಡಲು. ಅಲ್ಲಿ ಮಧ್ಯಾಹ್ನವೂ ಕಗ್ಗತ್ತಲಾದ್ದರಿಂದ ಹಗಲಿನ ಕಡೆಯ ಕೆಂಪು ಧ್ರುವಪ್ರಭೆಯನ್ನು ಕಣ್ಣಾರೆ ನೋಡಬಹುದು. ಭೂಮಿಯ ಮೇಲೆ ಆ ಭಾಗ್ಯವಿರುವ ಜಾಗಗಳು ಬೆರಳೆಣಿಕೆಯಷ್ಟು. (ಮೇಷ್ಟ್ರೇ, ನಿಮ್ಮ ‘ನೇರವಾಗಿ ಬಡಿಯುವ’ ಕಣಗಳಿಗೆ ತೀರ ಹತ್ತಿರದ ಉದಾಹರಣೆ ಅದೇ. ಪೂರ್ತಿ ತಪ್ಪು ಹೇಳಲಿಲ್ಲ ಬಿಡಿ.)

ಭೌತಶಾಸ್ತ್ರದ ಮೇಷ್ಟ್ರು (ಡಿಸೆಂಬರ್ 11, ಬೆಳಗ್ಗೆ 8:30)

ತರಗತಿಗೆ ಹೊರಟವನಿಗೆ ಅರ್ಧ ಮರ್ಯಾದೆ ಮರಳಿ ಸಿಕ್ಕಿತು. ಧನ್ಯವಾದ.

ಶಿರಸಿಯ ಹುಡುಗ (ಡಿಸೆಂಬರ್ 13, ರಾತ್ರಿ 9:15)

ಎರಡು ದಿನ ಬರೆಯಲಾಗಲಿಲ್ಲ, ಪ್ರಯೋಗಾಲಯದಲ್ಲಿ ಮೀನುಗಳು ನನ್ನನ್ನು ಬಿಡಲಿಲ್ಲ. ಈ ನಡುವೆ ಹಳೆಯ ತಂತಿಯವರು ಖಾಸಗಿ ಸಂದೇಶದಲ್ಲಿ ಒಂದು ಸವಾಲು ಹಾಕಿದರು: ಮೈಸೂರಿಗೂ ಟ್ರೋಮ್ಸೋಗೂ ಸುಮಾರು 7,500 ಕಿ.ಮೀ., ಒಮ್ಮೆ ಮಾತನಾಡಿ ನೋಡೋಣ ಎಂದು. ಸಂಜೆಯೇ ಬಿಡುವು ಎಂದೆ. ಸಂಜೆ ಬೇಡ, ಮಡು ಬಾಯಿ ತೆರೆದಿರುತ್ತದೆ, ನಿನ್ನ ಮಧ್ಯಾಹ್ನ 12ಕ್ಕೆ ಎಂದರು. ಇಲ್ಲಿ 12 ಎಂದರೆ ಅಲ್ಲಿ ಸಂಜೆ 4:30.

ನಿನ್ನೆ 14 ಮೆಗಾಹರ್ಟ್ಸ್‌ನಲ್ಲಿ ಮೋರ್ಸ್ ಕುಟ್ಟಿದೆ. ಮೂರನೆಯ ಸಲಕ್ಕೆ ಉತ್ತರ ಬಂತು. ನಾದ ಸ್ವಚ್ಛವಾಗಿತ್ತು, ಕಾವಲಿ ಇರಲಿಲ್ಲ, ತುಸು ಏರಿಳಿತವಷ್ಟೇ. ಹನ್ನೊಂದು ನಿಮಿಷ ಮಾತನಾಡಿದೆವು. ಹಟಕ್ಕೆ ಬಿದ್ದು ಸಂಜೆ 7ಕ್ಕೆ ಮತ್ತೆ ಕರೆದೆ. ಏನೂ ಇಲ್ಲ.

ಹಳೆಯ ತಂತಿ (ಡಿಸೆಂಬರ್ 13, ರಾತ್ರಿ 9:40)

ಸಂಜೆ 7 ಎಂದರೆ ನನಗೆ ರಾತ್ರಿ 11:30. ನಾನೂ ಹಟಕ್ಕೆ ಬಿದ್ದು ಕೂತಿದ್ದೆ, ಮನೆಯಲ್ಲಿ ಬೈಸಿಕೊಂಡೆ. ನಿನ್ನ ಕೈ ಚೆನ್ನಾಗಿದೆ, ಆದರೆ ಗೀಟುಗಳನ್ನು ತೀರ ಎಳೆಯುತ್ತೀಯ. ಮುಂದಿನ ಶನಿವಾರ, ಅದೇ ಮಧ್ಯಾಹ್ನ 12ಕ್ಕೆ.